ಕಾಲ್ಗೂರ್ಲಿಗೆ ಹೋದ ರಾಗಿಹಿಟ್ಟು

ಬಂಗಾರಪೇಟೆ

ವಿದೇಶಕ್ಕೆ ಹೊರಟವರು ಸಾಮಾನ್ಯವಾಗಿ ಕೋಟೆ, ಜಲಪಾತ, ವಸ್ತುಸಂಗ್ರಹಾಲಯಗಳನ್ನು ನೋಡಲು ಹೋಗುತ್ತಾರೆ. ನಾನು ಒಂದು ನಾಲಿಗೆಯನ್ನು ನೋಡಲು ಹೋದೆ.

ನಾಲಿಗೆ ಮುನಿರಾಜುವಿನದು. ಕೋಲಾರದ ಚಿನ್ನದ ಗಣಿಯೂರು ಉರಿಗಾಂನ ಲೈನ್‌ಮನೆಗಳಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನುತ್ತಿದ್ದರು. ನಾನು ಓದಿಕೊಂಡು ಬಂಗಾರಪೇಟೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರಾದೆ. ಅವನು ಗಣಿಗಿಳಿದ. ಗಣಿ ಮುಚ್ಚಿದ ಮೇಲೆ ಊರಿಗೆ ಊರೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗತೊಡಗಿದಾಗ, ಬಂಡೆ ಕೊರೆಯುವುದು ಬಿಟ್ಟು ತನಗೆ ಬೇರೇನೂ ಬಾರದೆಂದು ಇವನು ಆ ಕೆಲಸ ಇರುವ ಊರನ್ನೇ ಹುಡುಕಿಕೊಂಡು ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿ ಸೇರಿದ. ಅದೂ ಚಿನ್ನದ ಗಣಿಯೂರು. ಆಂಡರ್ಸನ್‌ಪೇಟೆಯ ತಮಿಳು ಹುಡುಗಿ ಸೆಲ್ವಿಯನ್ನು ಮದುವೆಯಾಗಿದ್ದವನು ಅವಳನ್ನೂ ಕರೆಸಿಕೊಂಡ.

ಕಳೆದ ವರ್ಷ ಅವನ ನಾಲಿಗೆಯ ಬುಡದಲ್ಲಿ ಗೆಡ್ಡೆ ಕಾಣಿಸಿತು. ವಿಕಿರಣ ಚಿಕಿತ್ಸೆ ಕೊಟ್ಟರು. ಗೆಡ್ಡೆ ಹೋಯಿತು. ರುಚಿಯೂ ಅದರ ಜೊತೆಗೇ ಹೋಯಿತು. ಊಟ ನಿಂತಿತು. ಒಂದು ಸಂಜೆ ಸೆಲ್ವಿ ಫೋನಿನಲ್ಲಿ ಅತ್ತಳು.

"ಅಣ್ಣಾ, ಇವ್ರು ಸಾಪಾಡೇ ಬೇಡ ಅಂತಾರೆ. ಇನ್ನೂ ತೂಕ ಇಳಿದ್ರೆ ಹೊಟ್ಟೆಗೆ ತೂತು ಮಾಡಿ ಪೈಪ್ ಹಾಕ್ತೀವಿ ಅಂತ ಡಾಕ್ಟರ್ ಸೊಲ್ಲಿಬಿಟ್ರು. ಇವ್ರು ಪೈಪೂ ಬೇಡ ಅಂತಾರೆ. ಊಟಾನೂ ಬೇಡ, ಪೈಪೂ ಬೇಡ ಅಂದ್ರೆ ಏನಣ್ಣಾ ಅರ್ಥ?"

ಅರ್ಥ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಫೋನ್ ಕಿತ್ತುಕೊಂಡು, "ಅವ್ಳ ಮಾತು ಬಿಡ್ಲಾ. ನೀನೊಂದ್ಸಲ ಬಂದು ನೋಡ್ಕಂಡು ಓಗು," ಎಂದ. ಕೊನೆಯ ಸಲ ಎಂಬ ಪದವನ್ನು ಅವನು ಹೇಳಲಿಲ್ಲ. ನನ್ನ ಕಿವಿಗೆ ಮಾತ್ರ ಅದು ಕೇಳಿಸಿತು.

ರುಚಿಯ ವಿಷಯದಲ್ಲಿ ನಾನು ಅಧಿಕೃತ ವ್ಯಕ್ತಿ. ನಾಲಿಗೆಯ ತುದಿಯಲ್ಲಿ ಸಿಹಿ, ಹಿಂದೆ ಕಹಿ ಎಂದು ಬಣ್ಣದ ಸೀಮೆಸುಣ್ಣದಲ್ಲಿ ನಕ್ಷೆ ಬರೆದು ತಲೆಮಾರುಗಳಿಗೆ ಪಾಠ ಮಾಡಿದವನು. ಆ ನಕ್ಷೆಯೇ ತಪ್ಪು, ನಾಲಿಗೆಯಲ್ಲಿ ಮೊಗ್ಗುಗಳಿರುವ ಕಡೆಯೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ ಎಂಬ ಸುದ್ದಿ ಬಂಗಾರಪೇಟೆಗೆ ತಲುಪುವಷ್ಟರಲ್ಲಿ ನಾನು ನಿವೃತ್ತನಾಗಿದ್ದೆ.

ಪರ್ತ್ ವಿಮಾನ ನಿಲ್ದಾಣ

ಪೆಟ್ಟಿಗೆಯಲ್ಲಿ ಬಟ್ಟೆಗಿಂತ ತಿನಿಸು ಹೆಚ್ಚಿತ್ತು: ರಾಗಿಹಿಟ್ಟು, ಅವರೆಕಾಳು, ಹುಣಸೆ, ಹುರುಳಿ, ಮಾವಿನ ಉಪ್ಪಿನಕಾಯಿ. ಆಸ್ಟ್ರೇಲಿಯಾದವರಿಗೆ ಹೊರಗಿನ ಬೀಜವೆಂದರೆ ನಮಗೆ ಹೊರಗಿನ ಅಳಿಯ ಇದ್ದ ಹಾಗೆ: ಒಳಗೆ ಬಿಟ್ಟುಕೊಂಡರೆ ಏನೇನು ಬೆಳೆದೀತೋ ಎಂಬ ಭಯ. ಕೈಗವಸು ತೊಟ್ಟ ಅಧಿಕಾರಿಣಿ ಅವರೆಕಾಳಿನ ಚೀಲವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು.

"ಇದು ಬೀಜವೋ, ಆಹಾರವೋ?"

"ನೆಟ್ಟರೆ ಬೀಜ, ಬೇಯಿಸಿದರೆ ಆಹಾರ," ಎಂದೆ. ತರಗತಿಯಲ್ಲಿ ಈ ಬಗೆಯ ಉತ್ತರಕ್ಕೆ ನಾನೇ ಅಂಕ ಕೊಡುತ್ತಿದ್ದೆ. ಇಲ್ಲಿ ಅವರೆ, ಹುರುಳಿ ಎರಡೂ ಹಳದಿ ತೊಟ್ಟಿಗೆ ಹೋದವು. ಉಪ್ಪಿನಕಾಯಿಯ ಡಬ್ಬಿ ಒಡೆದು ನನ್ನ ಶರಟುಗಳಿಗೆ ಬಳಿದುಕೊಂಡಿತ್ತಾದ್ದರಿಂದ ಅದನ್ನು ಏನೆಂದು ಕರೆಯಬೇಕೆಂದು ಅವರಿಗೂ ತಿಳಿಯಲಿಲ್ಲ. ಒಂದು ನಾಯಿ ಬಂದು ರಾಗಿಹಿಟ್ಟನ್ನು ಮೂಸಿ, ಸೀನಿ, ಹೊರಟುಹೋಯಿತು. ಅಧಿಕಾರಿಣಿ ಹಿಟ್ಟಿನಲ್ಲಿ ಹುಳುವಿದೆಯೇ ಎಂದು ದೀಪ ಬಿಟ್ಟು ಹುಡುಕಿದರು. ನನ್ನ ಹೆಂಡತಿ ಜರಡಿ ಹಿಡಿದದ್ದು ಸಾರ್ಥಕವಾಯಿತು. ಹಿಟ್ಟು ಪಾಸಾಯಿತು.

"ಇದನ್ನು ಏನು ಮಾಡುತ್ತೀರಿ?"

"ರೋಗಿಯೊಬ್ಬರಿಗೆ ಗಂಜಿ."

ಅವರು ಮುಖ ಸಡಿಲಿಸಿ, "ಬೇಗ ಗುಣವಾಗಲಿ," ಎಂದರು. ನನ್ನ ಅವರೆಕಾಳನ್ನು ಕಸಕ್ಕೆ ಹಾಕಿದ ಕೈಯನ್ನೇ ಮುಂದೆ ಚಾಚಿ ನನ್ನ ಕೈ ಕುಲುಕಿದರು. ಅಷ್ಟು ನಿರ್ದಯವಾದ ಕೆಲಸವನ್ನು ಅಷ್ಟು ಮರ್ಯಾದೆಯಿಂದ ಮಾಡಿದವರನ್ನು ನಾನು ನಮ್ಮ ಕಡೆ ಕಂಡಿಲ್ಲ.

ಪರ್ತ್, ಪ್ರಾಣಿಧಾಮ

ಕಾಲ್ಗೂರ್ಲಿಯ ರೈಲು ಮರುದಿನ. ಅಲ್ಲಿಯವರೆಗೆ ಹೋಟೆಲಿನ ಗೋಡೆ ನೋಡುವುದಕ್ಕಿಂತ ಕೋಅಲಾ ನೋಡೋಣವೆಂದು ಊರಾಚೆಯ ಪ್ರಾಣಿಧಾಮಕ್ಕೆ ಹೋದೆ. ಕೋಅಲಾ ಎಂದರೆ ಊಟವಾದ ಮೇಲೆ ಜಗಲಿಯ ಕಂಬಕ್ಕೆ ಒರಗಿದ ಯಜಮಾನನ ಹಾಗಿರುವ ಪ್ರಾಣಿ. ತಿನ್ನುವುದು ನೀಲಗಿರಿ ಎಲೆ. ನಮ್ಮ ಕೋಲಾರದಲ್ಲಿ ಮೇಕೆ ಕೂಡ ಮೂಸಿ ಬಿಟ್ಟುಬಿಡುವ ಎಲೆ ಅದು. ನೆಲದ ನೀರೆಲ್ಲ ಹೀರುತ್ತದೆಂದು ನಾವು ಬೈದುಕೊಂಡೇ ಬೆಳೆಸಿದ ಮರವನ್ನು ಇಲ್ಲಿ ಪೂಜ್ಯಭಾವದಿಂದ ನೋಡುತ್ತಾರೆ.

ನೋಡಿಕೊಳ್ಳುವ ಹೆಂಗಸು ಒಂದು ಕೊಂಬೆ ಹಿಡಿದಳು. ಕೋಅಲಾ ಮೂಸಿತು, ಒಂದೆಲೆಯ ಅಂಚು ಕಡಿಯಿತು, ಮುಖ ತಿರುಗಿಸಿತು. ಮತ್ತೊಂದು ಕೊಂಬೆ. ಮತ್ತೆ ಅದೇ. ನಮ್ಮ ಕಣ್ಣಿಗೆ ಎರಡೂ ಒಂದೇ ಎಲೆ. ಕಾರಣ ನನಗೆ ಗೊತ್ತಿತ್ತು. ನೀಲಗಿರಿ ಎಲೆಯಲ್ಲಿ ವಿಷವುಂಟು, ಗಿಡದಿಂದ ಗಿಡಕ್ಕೆ ಅದರ ಪ್ರಮಾಣ ಬೇರೆ. ಅದನ್ನು ತೂಗಿ ನೋಡಲು ಕೋಅಲಾಗೆ ಕಹಿಯನ್ನು ಗುರುತಿಸುವ ಜೀನುಗಳು ಅದರ ಬಂಧುಬಳಗಕ್ಕಿಂತ ಹೆಚ್ಚಾಗಿ ಬಂದಿವೆ.

ಕಹಿ ಎಂಬುದು ಹೀಗೆ ಹುಟ್ಟಿನಿಂದಲೇ ಹಂಚಿಕೆಯಾದ ಆಸ್ತಿ. ತರಗತಿಯಲ್ಲಿ ಒಂದು ರಾಸಾಯನಿಕ ಸವರಿದ ಕಾಗದದ ಚೂರನ್ನು ಮಕ್ಕಳ ನಾಲಿಗೆಯ ಮೇಲೆ ಇಡಿಸುತ್ತಿದ್ದೆ. ಅರ್ಧ ಜನ ಥೂ ಎಂದು ಕಿಟಕಿಗೆ ಓಡುತ್ತಿದ್ದರು. ಉಳಿದರ್ಧ, "ಏನ್ ಸಾರ್, ಬರೀ ಕಾಗ್ದ," ಎಂದು ಪೆಚ್ಚಾಗಿ ನಿಲ್ಲುತ್ತಿದ್ದರು. ತಂದೆತಾಯಿಯಿಂದ ಬರುವ ಒಂದು ಜೀನಿನ ವ್ಯತ್ಯಾಸವೇ ಮುಖ್ಯವಾಗಿ ಇದಕ್ಕೆ ಕಾರಣ. ನಾನು ಕಾಗದದ ಪಂಗಡದವನು. ಹೆಂಡತಿ ಮಾಡಿದ ಹಾಗಲಕಾಯಿ ಗೊಜ್ಜನ್ನು ಮುಖ ಕಿವಿಚದೆ ಉಂಡು ಬಂಧುವರ್ಗದಲ್ಲಿ ಸಹನಾಮೂರ್ತಿ ಎನಿಸಿಕೊಂಡಿದ್ದೇನೆ. ಅದು ಸಹನೆಯಲ್ಲ, ಜೀನು.

"ಕಾಯಿಲೆ ಬಿದ್ದದ್ದು ತಿನ್ನದಿದ್ದರೆ?" ಎಂದು ಆ ಹೆಂಗಸನ್ನು ಕೇಳಿದೆ.

"ಎಲೆ ಮುಂದೆ ಇದ್ದರೂ ಉಪವಾಸ ಸಾಯುತ್ತದೆ. ನಾವು ಎಲೆ ಬದಲಾಯಿಸುತ್ತೇವೆ. ಅದನ್ನು ಒಪ್ಪಿಸಲು ಹೋಗುವುದಿಲ್ಲ."

ಅವಳು ಮೂರನೆಯ ಕೊಂಬೆ ತರಲು ಹೋದಳು. ನಾನು ಅಲ್ಲಿಂದ ಬೇಗ ಹೊರಟೆ. ನಗುವ ಮನಸ್ಸು ಉಳಿದಿರಲಿಲ್ಲ.

ರೈಲು

ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಬರುವ ರೈಲಿನಲ್ಲಿ ಮೂರು ಭಾಷೆಯ ಜಗಳ, ಕಡಲೆಕಾಯಿ, ಇಸ್ಪೀಟು, ಯಾರದೋ ಮೊಣಕೈ ಎಲ್ಲ ಉಚಿತ. ಕಾಲ್ಗೂರ್ಲಿಯ ರೈಲಿನಲ್ಲಿ ಮೌನ. ಪಕ್ಕದಲ್ಲಿದ್ದವರು ನಕ್ಕರು, ನಂತರ ಮೊಣಕೈಯನ್ನು ತಮ್ಮ ಸ್ವಂತ ಸರಹದ್ದಿನೊಳಗೆ ಇಟ್ಟುಕೊಂಡು ನಿದ್ದೆ ಹೋದರು. ಹೊರಗೆ ಕೆಂಪು ನೆಲ, ಕುರುಚಲು. ಹಳಿಯ ಜೊತೆಗೇ ಒಂದು ದಪ್ಪ ಪೈಪು ದಿನವಿಡೀ ಓಡಿತು. ಆ ಒಣ ಊರಿಗೆ ಕುಡಿಯುವ ನೀರು ಪರ್ತ್ ಕಡೆಯ ಗುಡ್ಡಗಳಿಂದ ಬರುವುದು ಅದರಲ್ಲೇ. ಬೇತಮಂಗಲದ ಕೆರೆಯಿಂದ ನಮ್ಮ ಗಣಿಗೆ ನೀರು ಬರುತ್ತಿದ್ದದ್ದು ನೆನಪಾಯಿತು. ಮನುಷ್ಯ ಚಿನ್ನ ಸಿಗುವ ಕಡೆ ಮೊದಲು ಊರು ಕಟ್ಟಿ, ಬಾಯಾರಿದ ಮೇಲೆ ನೀರು ಹುಡುಕುತ್ತಾನೆ.

ಕಾಲ್ಗೂರ್ಲಿ

ಊರಂಚಿನಲ್ಲಿ ಬೆಳ್ಳಗೆ ಚಪ್ಪಟೆಯಾದ ದಿಬ್ಬಗಳು, ಚಿನ್ನ ತೆಗೆದ ಮೇಲೆ ಸುರಿದ ಗಣಿಯ ಪುಡಿ. ನಮ್ಮ ಸೈನೈಡ್ ದಿಬ್ಬಗಳ ಖಾಸಾ ದಾಯಾದಿಗಳು. ನಮ್ಮವು ಗಾಳಿ ಬಂದಾಗ ಊರೊಳಗೆ ಬಂದು ಊಟದ ತಟ್ಟೆಯಲ್ಲಿ ಕೂರುತ್ತವೆ, ಇವು ಇದ್ದಲ್ಲೇ ಇರುತ್ತವೆ.

ಮುನಿರಾಜು ಬಾಗಿಲಲ್ಲಿ ನಿಂತಿದ್ದ. ಅಂಗಿಯೊಳಗೆ ಬಹಳ ಜಾಗವಿತ್ತು.

"ಏನ್ಲಾ ಮೇಷ್ಟ್ರೇ, ಒಟ್ಟೆ ಬೆಳ್ಸ್ಕಂಡ್ಬುಟ್ಟಿದ್ದೀಯ! ನಂದೂ ಸೇರ್ಸಿ ತಿಂದ್ಯಾ?"

"ನೀನು ಬಿಟ್ಟದ್ದನ್ನ ಯಾರಾದ್ರೂ ತಿನ್ಬೇಕಲ್ಲ," ಎಂದೆ. ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಸೆಲ್ವಿ ಫ್ರಿಜ್ಜು ತೆರೆದು ತೋರಿಸಿದಳು. ಆಸ್ಪತ್ರೆಯವರು ಹೇಳಿದ ಹಾಲಿನ ಬಾಟಲಿಗಳು, ಪುಡ್ಡಿಂಗು, ಪಾಯಸ, ಮಾವಿನ ರಸ. ಎಲ್ಲ ಸಿಹಿ. ಎಲ್ಲ ಹಾಗೇ ಇದ್ದವು.

"ಸಿಹಿ ಅಂತಾರೆ. ನಂಗೆ ಒದ್ದೆ ಮಣ್ಣು," ಎಂದ ಮುನಿರಾಜು. "ಕಾಪಿ, ತುಕ್ಕಿಡ್ದ ಕಬ್ಣ. ಅನ್ನ, ದಿಂಬಿನ ಅತ್ತಿ. ಅಗ್ದಂಗೆಲ್ಲ ಬಾಯ್ನಾಗೆ ಬೆಳೀತದೆ ಕಣ್ಲಾ, ಒಳೀಕೋಗಲ್ಲ."

ನಾನು ಮೇಷ್ಟ್ರ ಗತ್ತಿನಲ್ಲಿ ವಿವರಿಸಿದೆ. ನಾಲಿಗೆಯ ರುಚಿಮೊಗ್ಗಿನ ಕೋಶಗಳು ಅಲ್ಪಾಯುಷಿಗಳು, ಕೆಲವೇ ವಾರಗಳಲ್ಲಿ ಹಳೆಯವು ಸತ್ತು ಹೊಸವು ಹುಟ್ಟುತ್ತವೆ. ವಿಕಿರಣ ಹೊಡೆದದ್ದು ಆ ಹೊಸವನ್ನು ಹೆರುವ ತಾಯಿಕೋಶಗಳನ್ನು, ಜೊತೆಗೆ ಎಂಜಲಿನ ಗ್ರಂಥಿಗಳನ್ನು. ಅವು ಚೇತರಿಸಿಕೊಂಡರೆ ರುಚಿ ಮರಳೀತು. ತಿಂಗಳುಗಳು ಬೇಕು. ಕೆಲವರಿಗೆ ಪೂರ್ತಿ ಮರಳದು.

"ಅಲ್ಲೀಗಂಟ?"

"ಅಲ್ಲಿಗಂಟ ತಿನ್ಬೇಕು. ಇಲ್ಲ ಪೈಪು."

ಅವನು ಎದ್ದು ಫ್ರಿಜ್ಜಿನ ಬಾಗಿಲು ಮುಚ್ಚಿದ. "ಅರ್ಧ ಆಯುಸ್ಸು ನೆಲದೊಳ್ಗೆ ಪೈಪ್‌ನಾಗೆ ಬಂದ ಗಾಳಿ ಕುಡ್ದಿದ್ದೀನಿ. ಅನ್ನಾನೂ ಪೈಪ್‌ನಾಗೆ ಬಂದ್ರೆ ಮೇಲಿದ್ದೀನೋ ಕೆಳ್ಗಿದ್ದೀನೋ ನಂಗೇ ಗೊತ್ತಾಗಾಕಿಲ್ಲ. ಬ್ಯಾಡ."

ಸೆಲ್ವಿ ಅಡುಗೆಮನೆಗೆ ಹೋದಳು. ಸೋಮವಾರ ತೂಕ ನೋಡುವ ದಿನ. ನಡುವೆ ಇದ್ದದ್ದು ಒಂದು ವಾರ.

ಬಂಗಾರಪೇಟೆಯ ನೀರು

ರಾಗಿ ಅಂಬಲಿ ಮಾಡಿಕೊಟ್ಟೆ. ಎರಡು ಗುಟುಕು ಕುಡಿದು ಇಟ್ಟ. ಹುಣಸೆಯ ಗೊಜ್ಜು ಮಾಡಿದೆ. ಅವನ ಬಾಯಿಹುಣ್ಣಿಗೆ ಅದು ತಾಗಿ, ಸೆಲ್ವಿ ನನ್ನ ಕೈಯಿಂದ ಸೌಟು ಕಿತ್ತುಕೊಂಡಳು. ಪಾಠ ಮಾಡುವವನಿಗೂ ಅಡುಗೆ ಮಾಡುವವನಿಗೂ ಇರುವ ವ್ಯತ್ಯಾಸವನ್ನು ನಾನು ಆ ವಾರ ಚೆನ್ನಾಗಿ ಕಲಿತೆ.

ಕೊನೆಗೆ, ಕುಡಿಯಲಾಗದಿದ್ದರೂ ಮೂಸಿಯಾದರೂ ಅವನಿಗೆ ಊರು ನೆನಪಾಗಲೆಂದು, ಪಾನಿಪುರಿಯ ನೀರು ಮಾಡಿದೆ. ನಮ್ಮ ಬಂಗಾರಪೇಟೆಯ ಪಾನಿಗೆ ಬಣ್ಣವಿಲ್ಲ. ನೋಡಲು ತಿಳಿಯಾದ ಬೋರ್‌ವೆಲ್ ನೀರು. ಕುಡಿದ ಮೇಲೆ ಅದು ಏನೆಂದು ಗೊತ್ತಾಗುತ್ತದೆ. ಗಾಜಿನ ಜಗ್ಗಿನಲ್ಲಿ ಸೋಸಿ ಫ್ರಿಜ್ಜಿನಲ್ಲಿಟ್ಟೆ.

ಪಕ್ಕದ ಮನೆಯ ಕೆನ್ ಎಂಬ ಮುದುಕ, ಅವನೂ ಹಳೆಯ ಗಣಿಗಾರನೇ, ಹಿತ್ತಿಲ ಬಾಗಿಲಿನಿಂದ ಬಂದ. ಆ ಜನ ಬೀದಿಯಲ್ಲಿ ಎದುರಾದರೆ ನಾಲ್ಕು ಅಡಿ ದೂರ ನಿಲ್ಲುತ್ತಾರೆ, ಸ್ನೇಹವಾದರೆ ನೇರ ನಿಮ್ಮ ಫ್ರಿಜ್ಜಿಗೇ ಕೈಹಾಕುತ್ತಾರೆ. ಬಿಸಿಲಿನಲ್ಲಿ ಬಂದವನು ಜಗ್ಗಿನಿಂದ ಒಂದು ಲೋಟ ತುಂಬಿಸಿ, ನಾನು ಬಾಯಿ ತೆರೆಯುವಷ್ಟರಲ್ಲಿ ಎತ್ತಿ ಕುಡಿದುಬಿಟ್ಟ. ಲೋಟವನ್ನು ಬಹಳ ಜೋಪಾನವಾಗಿ ಮೇಜಿನ ಮೇಲೆ ಇಟ್ಟ. ಮುಖ ಅವರ ನೆಲದ ಬಣ್ಣಕ್ಕೆ ತಿರುಗಿತು.

"ನಿಮ್ಮ ನಲ್ಲಿಯಲ್ಲಿ," ಎಂದ ಕಣ್ಣೀರು ಸುರಿಸುತ್ತ, "ಏನೋ ತೊಂದರೆ ಇದೆ."

ಮುನಿರಾಜು ನಕ್ಕ. ಸೆಲ್ವಿ ಒಳಗಿನಿಂದ ಓಡಿಬಂದಳು. ಅವನು ನಕ್ಕು ತಿಂಗಳುಗಳಾಗಿದ್ದವಂತೆ. ನಗು ನಿಂತ ಮೇಲೆ, "ನಂಗೂ ಒಸಿ ಕೊಡ್ಲಾ," ಎಂದ. ನಾವಿಬ್ಬರೂ ಬೇಡವೆಂದರೂ ಬಿಡದೆ ಒಂದು ಚಮಚ ನಾಲಿಗೆಗೆ ಬಿಟ್ಟುಕೊಂಡ. ಎರಡು ಕೈಯಲ್ಲಿ ಮೇಜು ಹಿಡಿದು ಬಗ್ಗಿದ. ನಗುವುದಕ್ಕೆ ಏನೂ ಉಳಿಯಲಿಲ್ಲ.

ಮೆಣಸಿನಕಾಯಿಯ ಖಾರ ರುಚಿಯೇ ಅಲ್ಲ. ಅದು ನೋವು. ಬಿಸಿ ತಾಗಿದರೆ ಸುದ್ದಿ ಒಯ್ಯುವ ನರವೇ ಅದನ್ನೂ ಒಯ್ಯುತ್ತದೆ, ಮೊಗ್ಗುಗಳಿಗೆ ಅದರ ಗೊಡವೆಯಿಲ್ಲ. ಮೊಗ್ಗು ಸತ್ತ ನಾಲಿಗೆಯಲ್ಲೂ ಅದು ಬದುಕಿರುತ್ತದೆ.

"ಉರಿ ಐತೆ ಕಣ್ಲಾ," ಎಂದ ಅವನು ಉಸಿರು ಬಂದ ಮೇಲೆ. "ಉರಿ ಒಂದೇ ಐತೆ. ಅದ್ರ ಇಂದೆ ಏನೂ ಇಲ್ಲ."

ಆ ದಿನ ಅವನು ಹಾಲೂ ಮುಟ್ಟಲಿಲ್ಲ. ಸೆಲ್ವಿ ಜಗ್ಗಿನ ನೀರನ್ನೆಲ್ಲ ಹಿತ್ತಿಲಿಗೆ ಚೆಲ್ಲಿದಳು.

ಇಟ್ಟು

ಮರುದಿನ ಮಧ್ಯಾಹ್ನ, ಬ್ರೆಡ್ಡು ತಿಂದು ಬೇಸತ್ತು, ನನಗಾಗಿ ಒಂದು ಮುದ್ದೆ, ನಮ್ಮ ಲೈನ್‌ಮನೆಯ ಮಾತಿನಲ್ಲಿ ಇಟ್ಟು, ತಿರುವಿಕೊಂಡೆ. ಅಲ್ಲಿನ ಪಾಲಕ್ ಸೊಪ್ಪು ಬಸಿದು ಸೆಲ್ವಿ ಮಾಡಿದ್ದ ತೆಳ್ಳನೆಯ ಸಾರಿತ್ತು. ಮುನಿರಾಜುವಿನ ಎದುರಿಗೆ ಕೂತು ಉಣ್ಣುವುದು ಕ್ರೌರ್ಯವೆನಿಸಿ ಹಿತ್ತಿಲಿಗೆ ಹೊರಟೆ.

"ಎಲ್ಲಿಗ್ಲಾ ಕಳ್ಳನಂಗೆ? ಕೂತ್ಕ ಇಲ್ಲೇ."

ಕೂತು, ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದೆ. ಇನ್ನೊಂದು ನುಂಗಿದೆ. ಅವನು ನನ್ನ ಗಂಟಲನ್ನೇ ನೋಡುತ್ತಿದ್ದ.

"ಏನ್ ರುಚಿ ಐತ್ಲಾ ಅದು?"

"ಇಟ್ಟಿಗೆ ಎಲ್ಲಿ ರುಚಿ? ಸಾರಿಗೆ ರುಚಿ."

"ಅದ್ನೇ ಅಂದಿದ್ದು! ಉಟ್ಟಿದಾಗಿಂದ ಯಾವತ್ತಾನ ಇಟ್ಟನ್ನ ಬಾಯ್ನಾಗ್ ಇಟ್ಕಂಡು ರುಚಿ ನೋಡಿದ್ವಾ? ಅಗ್ದ್ರೆ ನಮ್ಮವ್ವ ಬಯ್ತಿದ್ಲು, ಅಲ್ಗೆ ಮೆತ್ಕಂತದೆ ನುಂಗ್ಲಾ ಅಂತ." ಅವನು ಮೇಜಿನ ಮೇಲೆ ಮುಂದಕ್ಕೆ ಬಾಗಿದ. "ಇದಕ್ಕೆ ನಾಲ್ಗೆ ಯಾಕ್ಲಾ ಬೇಕು?"

ಪಾಠ ಮಾಡಿದ ತಲೆ ನನ್ನದು. ಡಾಲ್ಫಿನ್ನು, ತಿಮಿಂಗಿಲಗಳ ವಿಷಯವನ್ನು ಎಷ್ಟು ಸಲ ಹೇಳಿದ್ದೇನೆ! ಮೀನನ್ನು ಅಗಿಯದೆ ಇಡಿಯಾಗಿ ನುಂಗುವ ಸಸ್ತನಿಗಳು. ರುಚಿಯ ಉಪಯೋಗವೇ ಇಲ್ಲವಾಗಿ ಸಿಹಿ, ಕಹಿಗಳ ಜೀನುಗಳು ಅವುಗಳಲ್ಲಿ ಕೆಟ್ಟು ಕೂತಿವೆ. ಆದರೂ ಮೈತುಂಬಿಕೊಂಡು ಸಮುದ್ರದಲ್ಲಿ ಸುಖವಾಗಿವೆ. ಬೆಕ್ಕಿಗೆ ಸಿಹಿಯ ಜೀನು ಕೆಟ್ಟು ಎಷ್ಟೋ ಕಾಲವಾಯಿತು, ಜಿಲೇಬಿಗಾಗಿ ಅತ್ತ ಬೆಕ್ಕಿಲ್ಲ. ಇಷ್ಟೆಲ್ಲ ತಿಳಿದೂ ನಾನು, ಸೆಲ್ವಿ, ಆಸ್ಪತ್ರೆಯವರು ಎಲ್ಲ ಸೇರಿ, ಇಲ್ಲದ ನಾಲಿಗೆಯನ್ನು ಒಲಿಸುವುದರಲ್ಲೇ ಇದ್ದೆವು.

ಸೆಲ್ವಿಗೆ ನಂಬಿಕೆಯಿಲ್ಲ. ಅವಳದು ಅನ್ನದ ಮನೆ. "ಕಲ್ಲು ಥರ ಇರುತ್ತೆ ಅಣ್ಣಾ, ಮೆತ್ತಗಿರೋ ಪಾಯಸಾನೇ ಇಳಿಯಲ್ಲ ಅಂತಾರೆ."

"ನೀ ಸುಮ್ಕಿರೇ. ಮದ್ವೆ ಆದಾಗಿಂದ ಇಟ್ಟು ಅಗ್ದು ತಿನ್ನೋಳು ನೀನು, ನಿಂಗೇನ್ ಗೊತ್ತು?"

ಮೊದಲ ತುತ್ತು ಗಂಟಲಲ್ಲಿ ನಿಂತಿತು. ಎಂಜಲಿಲ್ಲದ ಬಾಯಿ. ಅವನ ಕಣ್ಣು ಹೊರಬಂತು, ಸೆಲ್ವಿ ಕಿರುಚಿದಳು, ನಾನು ಬೆನ್ನಿಗೆ ಗುದ್ದಿದೆ. ತುತ್ತು ತಟ್ಟೆಗೆ ಬಿತ್ತು. "ಸಾಕು," ಎಂದಳು ಸೆಲ್ವಿ, "ಕಡವುಳೇ, ಸಾಕು." ಅವನು ನೀರು ಕುಡಿದು, ಬಾಯಿ ಒರೆಸಿಕೊಂಡು, ಉಳಿದ ಮುದ್ದೆಯನ್ನು ನನ್ನ ಕಡೆ ತಳ್ಳಿದ.

"ಇದು ದೊಡ್ಡೋರ್ ತುತ್ತು. ಇನ್ನೂ ನೀರಾಕಿ ಮೆತ್ಗೆ ತಿರುವು. ಕೂಸಿಗ್ ಮಾಡ್ದಂಗೆ ಮಾಡು."

ಮೆತ್ತಗೆ ತಿರುವಿದೆ. ಸೆಲ್ವಿಯೇ ಗೋಲಿಯಷ್ಟು ಮಾಡಿ, ಸಾರಿನಲ್ಲಿ ಮುಳುಗಿಸಿ ಅವನ ನಾಲಿಗೆಯ ಹಿಂಬದಿಗೆ ಇಟ್ಟಳು. ಗಂಟಲ ಗಂಟು ಮೇಲೆ ಹೋಯಿತು, ಕೆಳಗೆ ಬಂತು.

ಅವನು ಮತ್ತೆ ಬಾಯಿ ತೆರೆದ.

ಸೋಮವಾರ

ಡಾಕ್ಟರಮ್ಮ ಇವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಎರಡು ಸಲ ನೋಡಿದರು. ಏರಿರಲಿಲ್ಲ. ಇಳಿದೂ ಇರಲಿಲ್ಲ. ಏನು ತಿನ್ನುತ್ತಿದ್ದಾರೆ ಎಂದು ಕೇಳಿದರು. ನಾನು ಜೀವಮಾನದ ಅನುಭವವನ್ನೆಲ್ಲ ಬಳಸಿ ಇಂಗ್ಲಿಷಿನಲ್ಲಿ ರಾಗಿಮುದ್ದೆಯನ್ನು ವರ್ಣಿಸಿದೆ.

"ಅಗಿಯುವುದಿಲ್ಲವೇ?"

"ಅಗಿಯಬಾರದು. ಅಗಿದರೆ ನಮ್ಮ ಕಡೆ ಸೊಸೆಗೆ ಮುದ್ದೆ ತಿರುವಲು ಬಾರದೆಂಬ ಹೆಸರು ಬರುತ್ತದೆ."

ಅವರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ನುಂಗುವಾಗ ಉಸಿರ ದಾರಿಗೆ ಹೋದೀತೆಂದು ನುಂಗುವಿಕೆಯ ತಜ್ಞೆಯೊಬ್ಬರನ್ನು ಕರೆಸಿ, ಅವರ ಎದುರಿಗೆ ಸೆಲ್ವಿ ಡಬ್ಬಿಯಲ್ಲಿ ತಂದಿದ್ದ ಮುದ್ದೆಯನ್ನು ನುಂಗಿಸಿ ನೋಡಿದರು. ಇಷ್ಟೇ ಗಾತ್ರ, ಇಷ್ಟೇ ಮೆತ್ತಗೆ, ನೆಟ್ಟಗೆ ಕೂತು, ಗದ್ದ ಕೆಳಗೆ ಮಾಡಿ ಎಂದು ಅಪ್ಪಣೆಯಾಯಿತು. ಜೊತೆಗೆ ಹಾಲಿನ ಬಾಟಲಿಯನ್ನೂ ಬಿಡುವಂತಿಲ್ಲ. ಪೈಪಿನ ವಿಷಯ ಮುಂದಿನ ಸಲಕ್ಕೆ ಹೋಯಿತು.

"ಬೇಡ ಅಂದಿಲ್ಲ," ಎಂದ ಮುನಿರಾಜು ಕಾರಿನಲ್ಲಿ. "ಮುಂದಕ್ಕಾಕವ್ರೆ, ಅಷ್ಟೆಯಾ."

"ಎಲ್ಲರದ್ದೂ ಅಷ್ಟೇ," ಎಂದೆ.

ಹೊರಡುವ ದಿನ

ಮಾರನೆಯ ವಾರ ನಾನು ಹೊರಡಬೇಕಾಗಿತ್ತು. ಬೆಳಗಿನ ರೈಲಿಗೆ ಮುಂಚೆ ಉಂಡೇ ಹೋಗಬೇಕೆಂದು ಸೆಲ್ವಿ ಹಟ ಹಿಡಿದಳು. ಈಗ ಮುದ್ದೆ ಅವಳೇ ತಿರುವುತ್ತಿದ್ದಳು, ನನಗಿಂತ ನಯವಾಗಿ. ನಾವಿಬ್ಬರು ಕೂತೆವು, ಅವಳು ಬಡಿಸುತ್ತ ನಿಂತಳು. ಮುನಿರಾಜು ಗದ್ದ ಕೆಳಗೆ ಮಾಡಿ ಒಂದು ಗೋಲಿ ನುಂಗಿದ. ಎರಡು ನುಂಗಿದ. ಮೂರನೆಯದನ್ನು ಸಾರಿಗೆ ಅದ್ದಿದವನು ಹಾಗೇ ನಿಂತ. ಬೆರಳನ್ನು ನೆಕ್ಕಿದ. ಮತ್ತೆ ಸಾರಿಗೆ ಅದ್ದಿ ನೆಕ್ಕಿದ.

"ಸೆಲ್ವಿ. ಇದ್ಕೆ ಉಪ್ಪಾಕಿಲ್ವಾ?"

ಹಾಕಿರಲಿಲ್ಲ. ಹುಣ್ಣಿಗೆ ಉರಿಯುತ್ತದೆಂದು ಅವಳು ಅಡುಗೆಗೆ ಉಪ್ಪು ಹಾಕುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಬಂದ ದಿನವೇ ನನಗೆ ಗೊತ್ತಾಗಿತ್ತು, ಅತಿಥಿಯ ಮರ್ಯಾದೆಗೆ ಸುಮ್ಮನಿದ್ದೆ. ಅವನಿಗೆ ಮಾತ್ರ ಅಷ್ಟು ದಿನ ಗೊತ್ತಾಗಿರಲಿಲ್ಲ.

ಸೆಲ್ವಿ ಸೌಟು ಹಿಡಿದು ನಿಂತೇ ಇದ್ದಳು.

"ಏನೇ ಬೊಂಬೆ ಥರ ನಿಂತ್ಕಂಡಿದ್ದೀಯ! ಚಪ್ಪೆ ಚಪ್ಪೆ. ಆಂಡರ್ಸನ್‌ಪೇಟೆಯೋರು ಇಂಗೇ ಮಾಡಾದಾ ಸಾರು?"

"ಇಷ್ಟು ದಿನ ಬಾಯಿ ಮುಚ್ಕೊಂಡು ತಿಂದ್ರಿ," ಎಂದಳು ಅವಳು. "ಇವತ್ತು ಅಣ್ಣನ ಮುಂದೆ ಮಾನ ಕಳೀಬೇಕಿತ್ತಾ?"

ಅವಳು ಹೋಗಿ ಉಪ್ಪಿನ ಡಬ್ಬಿ ತಂದು ಅವನ ತಟ್ಟೆಯ ಅಂಚಿಗೆ ಒಂದು ಚಿಟಿಕೆ ಇಟ್ಟಳು. ನನ್ನ ತಟ್ಟೆಗೂ ಇಟ್ಟಳು. ಆಮೇಲೆ, ಅಷ್ಟು ದಿನದಲ್ಲಿ ನಾನು ಒಮ್ಮೆಯೂ ನೋಡದಿದ್ದ ಹಾಗೆ, ಇನ್ನೊಂದು ಕುರ್ಚಿ ಎಳೆದುಕೊಂಡು ನಮ್ಮ ಜೊತೆ ಕೂತು, ತನಗೂ ಒಂದು ಮುದ್ದೆ ಹಾಕಿಕೊಂಡಳು.